ನಡುವೆ ನಂದುವ ಜ್ವಾಲೆ

ಆಟಿ ತಿಂಗಳ ಜಡಿಮಳೆಯ ಒಂದು ಮುಂಜಾವನ್ನು ಕಲ್ಪಿಸಿಕೊಳ್ಳೋಣ. ಮಣಿಪಾಲದ ಬಹುಮಹಡಿಯ ಕಟ್ಟಡವೊಂದರಲ್ಲಿ ವಿದ್ಯಾರ್ಥಿಯೊಬ್ಬನು ಸ್ನಾನಕ್ಕೆ ಹೊರಟಿದ್ದಾನೆ. ಎರಚಲು ಒಳಗೆ ಬಾರದಿರಲೆಂದು ಬಚ್ಚಲಿನ ಕಿಟಕಿಯನ್ನು ಭದ್ರವಾಗಿ ಮುಚ್ಚಿದೆ. ನಲ್ಲಿಯನ್ನು ತಿರುಗಿಸಿದೊಡನೆ ಗೋಡೆಯ ಮೇಲಿನ ಗ್ಯಾಸ್ ಗೀಸರು ‘ಟಿಕ್ ಟಿಕ್’ ಎಂದು ಕಿಡಿಯೆಬ್ಬಿಸಿ ಹೊತ್ತಿಕೊಳ್ಳುತ್ತದೆ, ಬಿಸಿನೀರು ಬರುತ್ತದೆ. ಆದರೆ ಆರೇಳು ನಿಮಿಷಗಳಾಗುವಷ್ಟರಲ್ಲಿ ಜ್ವಾಲೆ ತಟಕ್ಕನೆ ನಂದಿ, ಮೈಮೇಲೆ ತಣ್ಣೀರು ಸುರಿಯುತ್ತದೆ. ಬಾಗಿಲನ್ನು ತೆರೆದು, ತುಸು ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದರೆ ಏನೂ ಆಗಿಲ್ಲವೆಂಬಂತೆ ಗೀಸರು ಹೊತ್ತಿಕೊಳ್ಳುತ್ತದೆ. ಮರುದಿನವೂ ಇದೇ ಕಥೆ.

‘ಇದರ ರಕ್ಷಣಾ ಸ್ವಿಚ್ಚು ಕೆಟ್ಟಿದೆ, ಅದರ ಎರಡು ತಂತಿಗಳನ್ನು ಸೇರಿಸಿ ಕಟ್ಟಿಬಿಟ್ಟರೆ ತೊಂದರೆ ತಪ್ಪುತ್ತದೆ’ ಎಂದು ಸಲಹೆ ಕೊಡುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಈ ಸಲಹೆಗೆ ಕಿವಿಗೊಡುವ ಮೊದಲು ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕೆಟ್ಟಿರುವುದು ಸ್ವಿಚ್ಚೋ, ಕೋಣೆಯ ಗಾಳಿಯೋ?

ಅಂದಿನ ಬಚ್ಚಲು, ಇಂದಿನ ಬಚ್ಚಲು

ಹಳೆಯ ಬಗೆಯ ಬಚ್ಚಲುಮನೆಯನ್ನು ಉಡುಪಿ, ಕಾರ್ಕಳಗಳ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಅಲ್ಲಲ್ಲಿ ಕಾಣಬಹುದು. ತಾಮ್ರದ ಹಂಡೆ, ಅದರಡಿಯಲ್ಲಿ ಒಲೆ, ಒಲೆಗೆ ತೆಂಗಿನ ಮಡಲು ಮತ್ತು ಸಿಪ್ಪೆ, ಮೇಲೆ ಹಂಚಿನ ಮಾಡು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕರಾವಳಿಯುದ್ದಕ್ಕೂ ಹರಡಿದ ಈ ಮಾಡಿಗೆ ಒಂದು ಗುಣವುಂಟು. ಹಂಚುಗಳ ಸಂದಿಯಿಂದ ಹೊಗೆ ಹೊರಕ್ಕೆ ಹೋಗುತ್ತದೆ. ಗೋಡೆಗೂ ಮಾಡಿಗೂ ನಡುವಣ ತೆರಪಿನಿಂದ ಹೊಸ ಗಾಳಿ ಒಳಕ್ಕೆ ಬರುತ್ತದೆ. ಅಲ್ಲಿ ಮೀಯುವವರ ಕಣ್ಣು ಉರಿಯುತ್ತಿತ್ತು, ಗೋಡೆಗೆ ಮಸಿ ಹಿಡಿಯುತ್ತಿತ್ತು, ನಿಜ. ಆದರೆ ಆ ಕೋಣೆ ಉಸಿರಾಡುತ್ತಿತ್ತು; ಹೊಗೆ ಹೆಚ್ಚಾದರೆ ಕಣ್ಣೇ ಎಚ್ಚರಿಕೆಯನ್ನು ಕೊಡುತ್ತಿತ್ತು.

ಇಂದಿನ ಬಚ್ಚಲಿಗೆ ಕಾಂಕ್ರೀಟಿನ ತಾರಸಿ, ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ನೆಲದಲ್ಲಿದ್ದ ಒಲೆ ಹೊಗೆಯಿಲ್ಲದ ಜ್ವಾಲೆಯಾಗಿ ಗೋಡೆಯನ್ನೇರಿದೆ. ಆದರೆ ಜ್ವಾಲೆಯ ಹಸಿವು ಮಾತ್ರ ಹಿಂದಿನದೇ. ಅದಕ್ಕೆ ಗಾಳಿ ಬೇಕು, ಅದೂ ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚು.

ಗೀಸರಿನ ಕಾವಲುಗಾರರು

ಗೀಸರಿನಲ್ಲಿ ಅನಿಲವನ್ನು ತಡೆಯಬಲ್ಲ ಕಾವಲುಗಾರರು ಹಲವರಿದ್ದಾರೆ. ನೀರಿನ ಒತ್ತಡ ಸಾಲದಿದ್ದರೆ ಅನಿಲದ ದಾರಿಯನ್ನು ತೆರೆಯದ ಪೊರೆಯೊಂದು. ನೀರು ಮಿತಿಮೀರಿ ಕಾಯ್ದಾಗ ಬಾಗಿ ಸಂಪರ್ಕವನ್ನು ಕಡಿಯುವ ದ್ವಿಲೋಹ ಪಟ್ಟಿಯೊಂದು. ಜ್ವಾಲೆ ಇದೆಯೇ ಇಲ್ಲವೇ ಎಂದು ನೋಡುವ ಕಣ್ಣು ಇನ್ನೊಂದು.

ಈ ಕಣ್ಣಿನ ಕಥೆ ಸ್ವಾರಸ್ಯವಾದುದು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ವಿದ್ಯುತ್ತು ಹರಿಯುತ್ತದೆ. ಈ ಸಂಗತಿಯನ್ನು ೧೮೨೧ರಲ್ಲಿ ಕಂಡವನು ಥಾಮಸ್ ಸೀಬೆಕ್. ಹಳೆಯ ಮಾದರಿಯ ಅನಿಲ ಉಪಕರಣಗಳಲ್ಲಿ ಸದಾ ಉರಿಯುವ ಕಿರುಜ್ವಾಲೆ ಇಂಥ ಬೆಸುಗೆಯನ್ನು ಕಾಯಿಸುತ್ತದೆ. ಆಗ ಹುಟ್ಟುವ ಕೆಲವೇ ಮಿಲಿವೋಲ್ಟುಗಳ ಬಲ ಅನಿಲದ ಕವಾಟವನ್ನು ತೆರೆಯಲಾರದು. ಕೈಯಿಂದ ಒತ್ತಿ ತೆರೆದುದನ್ನು ಹಿಡಿದಿಡಬಲ್ಲದು, ಅಷ್ಟೆ. ಜ್ವಾಲೆ ನಂದಿತೋ, ಹಿಡಿತ ಸಡಿಲಿ ಕವಾಟ ತಾನಾಗಿ ಮುಚ್ಚಿಕೊಳ್ಳುತ್ತದೆ.

ಬ್ಯಾಟರಿಯ ಗೀಸರುಗಳಲ್ಲಿ ಈ ಕೆಲಸಕ್ಕೆ ಜ್ವಾಲೆಯೊಳಗೆ ಚಾಚಿದ ಒಂದು ಲೋಹದ ಕಡ್ಡಿಯಿರುತ್ತದೆ. ಉರಿಯುವ ಜ್ವಾಲೆಯಲ್ಲಿ ವಿದ್ಯುದಂಶವುಳ್ಳ ಅಯಾನುಗಳು ಇರುವುದರಿಂದ ಅದರ ಮೂಲಕ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ಈ ಹರಿವು ನಿಂತರೆ ಜ್ವಾಲೆ ಇಲ್ಲವೆಂದು ತಿಳಿದು ಉಪಕರಣ ಅನಿಲವನ್ನು ನಿಲ್ಲಿಸುತ್ತದೆ.

ಗಡಿಯಾರ ಹಿಡಿದು ಪರೀಕ್ಷೆ

ಹಾಗಾದರೆ ತಡೆದವನು ಯಾವ ಕಾವಲುಗಾರ? ಇದನ್ನು ತಿಳಿಯಲು ಗೀಸರನ್ನು ಬಿಚ್ಚಬೇಕಾಗಿಲ್ಲ. ಜ್ವಾಲೆ ಎಷ್ಟು ಹೊತ್ತಿಗೆ ನಂದುತ್ತದೆ ಎಂಬುದನ್ನು ಗಮನಿಸಿದರೆ ಸಾಕು.

ಗೀಸರು ಹೊತ್ತಿಕೊಳ್ಳುವುದೇ ಇಲ್ಲವೆನ್ನೋಣ. ಬ್ಯಾಟರಿ ಸೋತಿರಬಹುದು, ಇಲ್ಲವೆ ನೀರಿನ ಒತ್ತಡ ಸಾಲದಿರಬಹುದು. ೧೪೩೨ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಎತ್ತರ ಸುಮಾರು ೪೨ ಅಡಿ. ಅಷ್ಟು ಎತ್ತರದ ತೊಟ್ಟಿಯಿಂದ ಇಳಿಯುವ ನೀರಿಗೆ ವಾಯುಮಂಡಲದ ಒತ್ತಡದ ಒಂದೂಕಾಲು ಪಟ್ಟು ಬಲವಿರುತ್ತದೆ. ತೊಟ್ಟಿ ಗೀಸರಿಗಿಂತ ಮೂರೇ ಅಡಿ ಮೇಲಿದ್ದರೆ ಆ ಬಲ ಹತ್ತನೆಯ ಒಂದು ಪಾಲೂ ಆಗದು. ಮುರಕಲ್ಲಿನ ನೆಲದ ಬಾವಿಗಳಿಂದ ಬರುವ ಕೆಂಪು ಹೂಳು ಒಳದಾರಿಯ ಜರಡಿಯನ್ನು ಕಟ್ಟಿದರೂ ಹೀಗೆಯೇ ಆಗುತ್ತದೆ.

ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ನಂದಿದರೆ ಕಡ್ಡಿಯನ್ನು ಶಂಕಿಸಬೇಕು. ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪುವಿನಂತಹ ಕಡಲಂಚಿನ ಊರುಗಳಲ್ಲಿ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಕಡ್ಡಿಯ ಮೇಲೆ ಪದರ ಕಟ್ಟಿದರೆ, ತಂತಿಯ ತುದಿಗಳಿಗೆ ತುಕ್ಕು ಹಿಡಿದರೆ, ಜ್ವಾಲೆ ಇದ್ದರೂ ಅದರ ಸುದ್ದಿ ಮುಟ್ಟದು. ಬಲಗುಂದಿದ ಬ್ಯಾಟರಿಯಿಂದಲೂ ಇದೇ ಫಲ.

ನೀರು ಸಣ್ಣಗೆ ಹರಿದು ಕುದಿಯುವಷ್ಟು ಬಿಸಿಯಾದಾಗ ನಂದಿದರೆ ಅದು ದ್ವಿಲೋಹ ಪಟ್ಟಿಯ ಕೆಲಸ. ಪ್ರತಿ ಸಲವೂ ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ನಂದಿದರೆ, ಹಲವು ಮಾದರಿಗಳಲ್ಲಿ ಅದಕ್ಕೆಂದೇ ಇರಿಸಿದ ಕಾಲಮಾಪಕದ್ದು.

ಆದರೆ ಮುಚ್ಚಿದ ಕೋಣೆಯಲ್ಲಿ ಆರೇಳು ನಿಮಿಷಕ್ಕೆ ನಂದಿ, ಬಾಗಿಲನ್ನು ತೆರೆದ ಮೇಲೆ ಸರಿಹೋದರೆ? ಮಣಿಪಾಲದ ನಮ್ಮ ವಿದ್ಯಾರ್ಥಿಯ ಕಥೆ ಇದೇ ಅಲ್ಲವೆ? ಇಲ್ಲಿ ಲೆಕ್ಕವೊಂದನ್ನು ಮಾಡಿ ನೋಡೋಣ.

ಏಳು ನಿಮಿಷದ ಲೆಕ್ಕ

ನಿಮಿಷಕ್ಕೆ ಆರು ಲೀಟರ್ ನೀರನ್ನು ೨೫ ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಮಾಡಲು ೧೫೦ ಕಿಲೋಕ್ಯಾಲೊರಿ ಉಷ್ಣ ಬೇಕು. ಅಡುಗೆ ಅನಿಲದ ಒಂದು ಗ್ರಾಂ ಉರಿದರೆ ಸುಮಾರು ೧೧ ಕಿಲೋಕ್ಯಾಲೊರಿ ದೊರೆಯುತ್ತದೆ. ವ್ಯರ್ಥವಾಗುವ ಪಾಲನ್ನೂ ಸೇರಿಸಿದರೆ ನಿಮಿಷಕ್ಕೆ ಸುಮಾರು ೧೬ ಗ್ರಾಂ ಅನಿಲ ಖರ್ಚು. ಇಷ್ಟು ಅನಿಲ ಪೂರ್ಣವಾಗಿ ಉರಿಯಲು ಬೇಕಾದ ಗಾಳಿ ಸುಮಾರು ೨೦೦ ಲೀಟರ್!

ಐದಡಿ ಅಗಲ, ಎಂಟಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಸುಮಾರು ೧೦,೦೦೦ ಲೀಟರ್. ಹೊರಗಿನ ಗಾಳಿ ಒಳಗೆ ಬಾರದಿದ್ದರೆ, ಏಳು ನಿಮಿಷಗಳಲ್ಲಿ ೧,೪೦೦ ಲೀಟರ್ ಗಾಳಿಯ, ಎಂದರೆ ಕೋಣೆಯ ಗಾಳಿಯ ಏಳನೆಯ ಒಂದು ಪಾಲಿನ, ಆಮ್ಲಜನಕ ಮುಗಿದಿರುತ್ತದೆ. ಮೊದಲು ಶೇಕಡ ೨೧ರಷ್ಟಿದ್ದ ಆಮ್ಲಜನಕ ೧೮ಕ್ಕೆ ಇಳಿದಿರುತ್ತದೆ. ಬಾಗಿಲ ಸಂದಿಯಿಂದ ಗಾಳಿ ನುಸುಳಿದರೆ ಈ ಇಳಿತ ತುಸು ನಿಧಾನವಾಗಬಹುದು.

ಆಮ್ಲಜನಕ ಕಡಮೆಯಾದಂತೆ ಜ್ವಾಲೆ ಗಾಳಿಯನ್ನು ಅರಸುತ್ತ ನೀಳವಾಗುತ್ತದೆ. ಉರಿಯುವ ಬಾಯಿಯಿಂದ ಮೇಲಕ್ಕೆದ್ದು ಕಾವಲಿನ ಕಡ್ಡಿಯನ್ನೋ ಬೆಸುಗೆಯನ್ನೋ ತೊರೆಯುತ್ತದೆ. ಆಮ್ಲಜನಕದ ಕೊರತೆಯನ್ನು ಗುರುತಿಸುವ ರಕ್ಷಣಾ ವ್ಯವಸ್ಥೆಯನ್ನು ಸಾಮಾನ್ಯವಾಗಿ ಶೇಕಡ ೧೮ರ ಆಸುಪಾಸಿನಲ್ಲಿ ಅನಿಲ ನಿಲ್ಲುವಂತೆ ರಚಿಸಿರುತ್ತಾರೆ. ಆ ವಿದ್ಯಾರ್ಥಿಯ ಸ್ವಿಚ್ಚು ಕೆಟ್ಟಿರಲಿಲ್ಲ. ಕರಾರುವಾಕ್ಕಾಗಿ ತನ್ನ ಕೆಲಸವನ್ನು ಮಾಡಿತ್ತು.

ಕಾಣದ ವಿಷ

ಆ ಸ್ವಿಚ್ಚನ್ನು ಕಟ್ಟಿಹಾಕಿದ್ದರೆ ಏನಾಗುತ್ತಿತ್ತು? ಆಮ್ಲಜನಕ ಸಾಲದಾದಾಗ ಅನಿಲದಲ್ಲಿನ ಇಂಗಾಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲದ ದುರ್ವಾಸನೆ ಸೋರಿಕೆ ತಿಳಿಯಲೆಂದು ಬೆರೆಸಿದ್ದು. ಉರಿದ ಮೇಲೆ ಅದು ಉಳಿಯುವುದಿಲ್ಲ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಆದುದರಿಂದ ಗಾಳಿಯಲ್ಲಿ ಆಮ್ಲಜನಕದ ಇನ್ನೂರನೆಯ ಒಂದು ಪಾಲಿನಷ್ಟು, ಎಂದರೆ ಸುಮಾರು ಶೇಕಡ ೦.೧ರಷ್ಟು ಮಾತ್ರವೇ ಇದು ಇದ್ದರೂ, ಕಾಲಕ್ರಮದಲ್ಲಿ ಹಿಮೋಗ್ಲೋಬಿನ್ನಿನ ಅರ್ಧದಷ್ಟನ್ನು ವಶಪಡಿಸಿಕೊಳ್ಳಬಲ್ಲದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಕೈಕಾಲುಗಳು ಸೋತು ಬಾಗಿಲಿನ ಅಗಳಿಯನ್ನು ತೆಗೆಯುವ ಶಕ್ತಿಯೂ ಉಳಿಯದು. ಕರ್ನಾಟಕದಲ್ಲಿ ಇಂತಹ ಸಾವುಗಳು ಮತ್ತೆ ಮತ್ತೆ ವರದಿಯಾಗಿವೆ. ಬಚ್ಚಲಿನಲ್ಲಿ ಹೀಗೆ ಮೂರ್ಛೆಹೋದವರನ್ನು ಅಪಸ್ಮಾರದ ರೋಗಿಗಳೆಂದು ತಪ್ಪು ತಿಳಿದುದೂ ಉಂಟು.

ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ೧೮೯೦ರ ದಶಕದಲ್ಲಿ ಈ ವಿಷವನ್ನು ಅಭ್ಯಸಿಸಿ, ಗಣಿಯೊಳಗೆ ಸಣ್ಣ ಪ್ರಾಣಿಗಳನ್ನು ಎಚ್ಚರಿಕೆಗಾಗಿ ಒಯ್ಯಬೇಕೆಂದು ಸೂಚಿಸಿದನು. ಪಂಜರದ ಕೆನೇರಿ ಹಕ್ಕಿ ತೂಕಡಿಸಿದರೆ ಗಣಿಗಾರರು ಹೊರಕ್ಕೆ ಓಡುತ್ತಿದ್ದರು. ಬ್ರಿಟಿಷ್ ಗಣಿಗಳಿಂದ ಆ ಹಕ್ಕಿ ನಿವೃತ್ತಿಯಾಗತೊಡಗಿದ್ದು ೧೯೮೬ರಲ್ಲಿ. ನಮ್ಮ ಗೀಸರಿನ ಜ್ವಾಲೆಯೂ ಅಂಥದೊಂದು ಹಕ್ಕಿ. ಹಕ್ಕಿ ತೂಕಡಿಸಿತೆಂದು ಯಾವ ಗಣಿಗಾರನೂ ಅದನ್ನು ಪಂಜರಸಮೇತ ಹೊರಗೆಸೆದು ಕೆಲಸವನ್ನು ಮುಂದುವರಿಸಲಿಲ್ಲ.

ಮಾಡಬೇಕಾದುದೇನು?

ಗೀಸರನ್ನು ಬಚ್ಚಲಿನ ಹೊರಗೆ, ಮಳೆ ತಾಗದ ತೆರೆದ ಜಾಗದಲ್ಲಿರಿಸಿ ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಕ್ಕೆ ತರುವುದು ಉತ್ತಮ. ಅದು ಸಾಧ್ಯವಾಗುವ ತನಕ ಕಿಟಕಿ, ಬಾಗಿಲುಗಳನ್ನು ತೆರೆದಿಟ್ಟು ಬಕೆಟ್ಟುಗಳಲ್ಲಿ ನೀರನ್ನು ತುಂಬಿಕೊಂಡು, ಗೀಸರನ್ನು ನಿಲ್ಲಿಸಿ, ಗಾಳಿ ಬದಲಾದ ಮೇಲೆಯೇ ಮೀಯಬೇಕು. ಜ್ವಾಲೆ ನೀಲಿಯನ್ನು ಬಿಟ್ಟು ಹಳದಿಯಾದರೆ, ಮಸಿ ಕಂಡರೆ, ಉಪಕರಣವನ್ನು ಬಲ್ಲವರಿಂದ ಶುಚಿಮಾಡಿಸಬೇಕು. ಆಮ್ಲಜನಕದ ಕಾವಲು ಕಾರ್ಬನ್ ಮೊನಾಕ್ಸೈಡನ್ನು ನೇರವಾಗಿ ಅಳೆಯುವುದಿಲ್ಲ. ಮಸಿ ಕಟ್ಟಿದ ಗೀಸರು ಸಾಕಷ್ಟು ಗಾಳಿಯಿದ್ದರೂ ಆ ವಿಷವನ್ನು ಉಗುಳಬಲ್ಲದು. ಆದುದರಿಂದ ಸ್ವಿಚ್ಚನ್ನೇ ನಂಬಿ ಕಿಟಕಿಯನ್ನು ಮುಚ್ಚುವುದೂ ತಪ್ಪು.

ಒಳಗೆ ಹೋದವರು ಕೂಗಿದರೂ ಓಗೊಡದಿದ್ದರೆ ತಡಮಾಡದೆ ಬಾಗಿಲನ್ನು ತೆರೆದು, ಅನಿಲವನ್ನು ನಿಲ್ಲಿಸಿ, ಅವರನ್ನು ಬಯಲಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಗೀಸರು ಉರಿಯುತ್ತಿತ್ತೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆಗಳು ಹಿಡಿಯುತ್ತವೆ. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಮುಂದಿನ ಸಲ ಸ್ನಾನದ ನಡುವೆ ತಣ್ಣೀರು ಮೈಮೇಲೆ ಬಿದ್ದಾಗ ನಾವು ಸ್ವಿಚ್ಚನ್ನು ಶಪಿಸದಿರೋಣ. ಮೊದಲು ಬಾಗಿಲನ್ನು ತೆರೆದು ಹೊರಗೆ ಬರೋಣ. ಗಡಿಯಾರವನ್ನು ಆಮೇಲೆ ನೋಡೋಣ.