ಫ್ರಾಂಟ್ಸ್ ಗುರುತಿಸಿದ ಗಡ್ಡೆ

ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಎಂದು ಸ್ಕ್ಯಾನಿಂಗ್ ವರದಿ ಬಂದರೆ ಅದು ಕ್ಯಾನ್ಸರೇ ಎಂದು ಮಿಶ್ರಿಕೋಟಿಯ ಓದುಗರೊಬ್ಬರು ಕೇಳಿದ್ದಾರೆ. ಗಡ್ಡೆ ಇರುವುದು ಹರೆಯದ ಹುಡುಗಿಗೆ. ಒಳಗೆ ನೀರೂ ಇದೆ, ಗಟ್ಟಿ ಭಾಗವೂ ಇದೆ. ಇಷ್ಟು ಕೇಳಿದೊಡನೆ ವೈದ್ಯರಿಗೆ ನೆನಪಾಗುವುದು ಅಪರೂಪದ ಫ್ರಾಂಟ್ಸ್ ಟ್ಯೂಮರ್.

ವರ್ಜಿನಿಯಾ ಫ್ರಾಂಟ್ಸ್ 1922ರಲ್ಲಿ ನ್ಯೂಯಾರ್ಕಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ತರಬೇತಿಗೆ ಸೇರಿದ ಮೊದಲ ಮಹಿಳೆ. ಆಮೇಲೆ ಅವರು ಸೂಕ್ಷ್ಮದರ್ಶಕದತ್ತ ಹೊರಳಿದರು. ಇನ್ಸುಲಿನ್ ಸುರಿಸಿ ರೋಗಿಯನ್ನು ಮೂರ್ಛೆಗೊಳಿಸುವ ಗಡ್ಡೆಗಳ ಕುರಿತು 1935ರಲ್ಲಿ ಶಸ್ತ್ರವೈದ್ಯ ಅಲೆನ್ ವಿಪಲ್ ಜೊತೆ ಬರೆದವರೂ ಇವರೇ. ಮೇದೋಜೀರಕದ ಗಡ್ಡೆಗಳ ಬಗ್ಗೆ 1959ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ವಿಚಿತ್ರ ಗಡ್ಡೆಯನ್ನು ಬೇರೆಯಾಗಿ ವರ್ಣಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ಖಚಿತ ಹೆಸರು ಕೊಟ್ಟದ್ದು 1996ರಲ್ಲಿ. ಅಷ್ಟು ವರ್ಷ ಮೊದಲೇ ಅದನ್ನು ಹೆಕ್ಕಿ ತೆಗೆದ ಕಣ್ಣು ಎಂಥದ್ದಿರಬೇಕು!

ಬರ ಬಿದ್ದ ವರ್ಷ ಕಾಲುವೆಯ ಗುಂಟ ಮಾತ್ರ ಪೈರು ಹಸಿರಾಗಿ ಉಳಿದು ಹೊಲದ ನಡುವಿನದು ಒಣಗುತ್ತದಲ್ಲ, ಈ ಗಡ್ಡೆಯೊಳಗೂ ಹಾಗೆಯೇ. ಬೀಟಾ-ಕ್ಯಾಟೆನಿನ್ ಜೀನ್ ಕೆಟ್ಟು ಜೀವಕೋಶಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ. ತೆಳು ರಕ್ತನಾಳಗಳನ್ನು ಅಂಟಿಕೊಂಡವು ಬದುಕುತ್ತವೆ, ದೂರದವು ಸತ್ತು ಕರಗುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ನೀರು, ರಕ್ತ ಆ ಪಾಳು ಬಿದ್ದ ಜಾಗ.

ನೀರಿದ್ದದ್ದೆಲ್ಲ ಇದೇ ಅಲ್ಲ. ಮೇದೋಜೀರಕದ ಉರಿಯೂತದ ನಂತರ ಕಟ್ಟುವ ಸುಳ್ಳು ಚೀಲ ಬಹಳ ಸಾಮಾನ್ಯ, ಅದು ಗಡ್ಡೆಯೇ ಅಲ್ಲ. ತಿಳಿನೀರಿನ ಸೀರಸ್ ಗಡ್ಡೆ ತೊಂದರೆ ಕೊಡದಿದ್ದರೆ ಬಿಟ್ಟುಬಿಡಬಹುದು. ಲೋಳೆ ತುಂಬಿದವು ಮುಂದೆ ಕ್ಯಾನ್ಸರ್ ಆಗಬಲ್ಲವು. ಸಿಟಿ, ಎಂಆರ್‌ಐನಲ್ಲಿ ಸ್ಪಷ್ಟವಾಗದಿದ್ದರೆ ಗಂಟಲಿನ ಮೂಲಕ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇಳಿಸಿ, ಸೂಜಿಯಿಂದ ದ್ರವ ತೆಗೆಯುತ್ತಾರೆ. ಅದರಲ್ಲಿ ಸಿಇಎ ಎಂಬ ಪ್ರೋಟೀನ್ ಹೆಚ್ಚು, ಸಕ್ಕರೆ ಕಡಿಮೆ ಇದ್ದರೆ ಲೋಳೆಯ ಗಡ್ಡೆ ಎಂಬ ಸುಳಿವು. ರಕ್ತ ಪರೀಕ್ಷೆಯೊಂದರಿಂದಲೇ ಎಲ್ಲ ಹೇಳುತ್ತೇವೆನ್ನುವ ಪ್ಯಾಕೇಜುಗಳನ್ನು ನಾನು ನಂಬುವುದಿಲ್ಲ.

ಫ್ರಾಂಟ್ಸ್ ಟ್ಯೂಮರ್ ಕ್ಯಾನ್ಸರಿನ ಜಾತಿಯದೇ, ಆದರೆ ನಿಧಾನದ್ದು. ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಯಕೃತ್ತಿಗೆ ಹರಡಿದ್ದರೂ ಅದನ್ನೂ ಕತ್ತರಿಸಿ ತೆಗೆದು ಎಷ್ಟೋ ವರ್ಷ ಬದುಕಿದವರಿದ್ದಾರೆ. ಗಡ್ಡೆ ಗ್ರಂಥಿಯ ಬಾಲದಲ್ಲಿದ್ದರೆ ಆ ತುದಿಯನ್ನಷ್ಟೇ ತೆಗೆಯುತ್ತಾರೆ; ತಲೆಯಲ್ಲಿದ್ದರೆ ವಿಪಲ್ ಹೆಸರಿನದೇ ದೊಡ್ಡ ಶಸ್ತ್ರಚಿಕಿತ್ಸೆ. ಇದನ್ನು ಪದೇ ಪದೇ ಮಾಡುವ ತಂಡವಿರುವಲ್ಲಿಗೇ ಹೋಗಬೇಕು, ಅದಕ್ಕಾಗಿ ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗಬೇಕಾದರೂ ಸರಿ. ಹೋಗುವಾಗ ವರದಿಯ ಕಾಗದದ ಜೊತೆ ಸ್ಕ್ಯಾನಿಂಗ್ ಸಿಡಿಯೂ ಕೈಯಲ್ಲಿರಲಿ.