ದಾರಾ: ಗಡಿಕೋಟೆಯ ಕಲ್ಲು ಮತ್ತು ನೀರು

ಆಗ್ನೇಯ ತುರ್ಕಿಯ ಮಾರ್ದಿನ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ದಾರಾ, ಪೂರ್ವ ರೋಮನ್ ಸಾಮ್ರಾಜ್ಯವು ಪರ್ಷಿಯಾದ ಸಸಾನಿ ಅರಸರಿಗೆ ಎದುರಾಗಿ ಕಟ್ಟಿದ ಗಡಿನಗರ. ಕ್ರಿ.ಶ. 363ರಲ್ಲಿ ನಿಸಿಬಿಸ್ ಕೋಟೆ ಪರ್ಷಿಯನ್ನರ ಪಾಲಾದ ಮೇಲೆ ಈ ಭಾಗದಲ್ಲಿ ರೋಮನ್ ಸೈನ್ಯಕ್ಕೆ ಭದ್ರವಾದ ನೆಲೆಯಿಲ್ಲದಂತಾಗಿ, ಆ ಕೊರತೆ 502ರಲ್ಲಿ ಆರಂಭವಾದ ಯುದ್ಧದಲ್ಲಿ ಎದ್ದು ಕಂಡಿದ್ದರಿಂದ, ಚಕ್ರವರ್ತಿ ಅನಸ್ತಾಸಿಯಸ್ 505–507ರ ಅವಧಿಯಲ್ಲಿ ಇಲ್ಲಿದ್ದ ಹಳ್ಳಿಯನ್ನು ಕೋಟೆಯೂರಾಗಿ ಬೆಳೆಸಿದನು.

ದಾರಾದ ನಿಜವಾದ ಬಲವಿದ್ದುದು ಅದರ ನೀರಿನ ವ್ಯವಸ್ಥೆಯಲ್ಲಿ. ಉತ್ತರದ ಗೋಡೆಯ ಕಮಾನುಗಳಡಿ ಊರನ್ನು ಹೊಕ್ಕ ಹೊಳೆ ದಕ್ಷಿಣದಲ್ಲಿ ಹೊರಬೀಳುತ್ತಿತ್ತು. ಕಮಾನುಗಳ ಮೂಲಕ ಶತ್ರು ನುಸುಳದಂತೆ ಕಬ್ಬಿಣದ ಸರಳುಗಳನ್ನು ಅಳವಡಿಸಲಾಗಿತ್ತೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಮುತ್ತಿಗೆಯ ದಿನಗಳಿಗಾಗಿ ನೀರು ಕೂಡಿಡುತ್ತಿದ್ದ ಕಮಾನು ಚಾವಣಿಯ ಬೃಹತ್ ತೊಟ್ಟಿಗಳು ಇಂದಿಗೂ ನಿಂತಿವೆ.

ಇದೇ ಪ್ರೊಕೋಪಿಯಸ್ ಅನಸ್ತಾಸಿಯಸ್‌ನ ಗೋಡೆಯನ್ನು ಅವಸರದ ಕಳಪೆ ಕೆಲಸವೆಂದು ಹಳಿದು, ನಗರದ ಭದ್ರತೆಯ ಕೀರ್ತಿಯನ್ನೆಲ್ಲ ತನ್ನ ಒಡೆಯ, ಚಕ್ರವರ್ತಿ ಜಸ್ಟಿನಿಯನ್‌ಗೆ ಕಟ್ಟುತ್ತಾನೆ. 1983ರಲ್ಲಿ ಬ್ರಯಾನ್ ಕ್ರೋಕ್ ಮತ್ತು ಜೇಮ್ಸ್ ಕ್ರೋ ಎಂಬ ವಿದ್ವಾಂಸರು ಬರಹವನ್ನೂ ಅವಶೇಷಗಳನ್ನೂ ಎದುರುಬದುರಿಟ್ಟು ನೋಡಿ, ಅವನ ವರ್ಣನೆಯಲ್ಲಿ ಹೊಗಳಿಕೆಯ ಪಾಲು ದೊಡ್ಡದೆಂದು ತೋರಿಸಿದರು. ಆಸ್ಥಾನದ ಲೇಖನಿಯನ್ನು ಕಲ್ಲಿನ ಸಾಕ್ಷ್ಯವಿಲ್ಲದೆ ನಂಬಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

530ರಲ್ಲಿ ಸೇನಾಪತಿ ಬೆಲಿಸಾರಿಯಸ್ ಈ ಕೋಟೆಯ ಮುಂದೆಯೇ ಕಂದಕ ತೋಡಿಸಿ ಪರ್ಷಿಯನ್ ಸೈನ್ಯವನ್ನು ಸೋಲಿಸಿದನಾದರೂ, 573ರಲ್ಲಿ ಪರ್ಷಿಯಾದ ಅರಸ ಒಂದನೆಯ ಖುಸ್ರೋ ದೀರ್ಘ ಮುತ್ತಿಗೆಯ ನಂತರ ನಗರವನ್ನು ಗೆದ್ದು, ನಿವಾಸಿಗಳನ್ನು ಸೆರೆಯೊಯ್ದನು. ಅದು ರೋಮನ್ನರ ಕೈಗೆ ಮರಳಿದ್ದು 591ರಲ್ಲಿ.

ಗೋಡೆಗೆ ಕಲ್ಲು ಕಡಿದು ಬರಿದಾದ ಗಣಿಯೇ ಮುಂದೆ ನಗರದ ಸ್ಮಶಾನವಾಯಿತು. ಬಂಡೆಯಲ್ಲಿ ಕೊರೆದ ಅಲ್ಲಿನ ಸಮಾಧಿಗಳಲ್ಲಿ ದೊಡ್ಡದೊಂದರ ಮುಂಭಾಗದಲ್ಲಿ, ಒಣಗಿದ ಎಲುಬುಗಳಿಗೆ ಜೀವ ಬರುವುದನ್ನು ಕಂಡ ಬೈಬಲ್ಲಿನ ಪ್ರವಾದಿ ಯೆಹೆಜ್ಕೇಲನ ದೃಶ್ಯವನ್ನು ಕೆತ್ತಲಾಗಿದ್ದು, ಒಳಗೆ ಅಪಾರ ಸಂಖ್ಯೆಯ ಮಾನವ ಅಸ್ಥಿಗಳು ಒಟ್ಟಾಗಿ ದೊರೆತಿವೆ. ಸೆರೆಯಿಂದ ಮರಳಿದವರು ತಮ್ಮ ಸತ್ತ ಬಂಧುಗಳ ಎಲುಬುಗಳನ್ನು ಇಲ್ಲಿ ಸೇರಿಸಿರಬೇಕೆಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಕೆತ್ತನೆಯ ವಸ್ತುವನ್ನು ಗಮನಿಸಿದರೆ ಅದು ಒಪ್ಪತಕ್ಕದ್ದೇ.

ಉತ್ಖನನವನ್ನು 1986ರಲ್ಲಿ ಮೆತಿನ್ ಅಹುನ್‌ಬಾಯ್ ಆರಂಭಿಸಿದರು. ಪ್ರಾಚೀನ ನಗರದ ಬಹುಭಾಗ ಇನ್ನೂ ಹಳ್ಳಿಯ ಮನೆಗಳ ಮತ್ತು ಹೊಲಗಳ ಅಡಿಯಲ್ಲೇ ಇದೆ.