ಸೂರ್ಯನಿಲ್ಲದೆ ಬಂದ ಬಿಸಿ: ಒಂದು ತಪ್ಪು ಉತ್ತರದಿಂದ ಕಲಿತದ್ದು

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ವಾಯುಮಂಡಲದ ಪದರಗಳ ಪಾಠ ಮಾಡುತ್ತಿದ್ದೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲಿನ ಸಮೋಷ್ಣ ಮಂಡಲ ಒಮ್ಮೊಮ್ಮೆ ಕೆಲವೇ ದಿನಗಳಲ್ಲಿ 50 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯೇರುತ್ತದೆ, ಬರ್ಲಿನ್‌ನಲ್ಲಿ ರಿಚರ್ಡ್ ಶೆರ್‌ಹಾಗ್ 1952ರಲ್ಲಿ ಬಲೂನು ಹಾರಿಸಿ ಇದನ್ನು ಕಂಡುಕೊಂಡರು ಎಂದು ಹೆಚ್ಚುವರಿ ಮಾಹಿತಿ ಕೊಟ್ಟೆ.

ಒಬ್ಬಳು ಎದ್ದು ಕೇಳಿದಳು: “ಅಲ್ಲಿ ಆಗ ಸೂರ್ಯನೇ ಹುಟ್ಟಲ್ಲ ಅಂದ್ರಲ್ಲ ಮಿಸ್, ಮತ್ತೆ ಬಿಸಿ ಎಲ್ಲಿಂದ ಬಂತು?”

“ದಕ್ಷಿಣದಿಂದ ಬಿಸಿಗಾಳಿ ಬೀಸುತ್ತದೆ” ಎಂದುಬಿಟ್ಟೆ. ಮುಖ್ಯ ಕಾರಣ ಅದಲ್ಲವೆಂದು ಸಂಜೆ ಓದಿದಾಗ ತಿಳಿಯಿತು.

ನಡೆಯುವುದು ಹೀಗೆ. ಚಳಿಗಾಲದಲ್ಲಿ ಧ್ರುವದ ಸುತ್ತ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಸುತ್ತುತ್ತಿರುತ್ತದೆ. ಕೆಳಗೆ ಹಿಮಾಲಯ, ರಾಕಿಯಂಥ ಪರ್ವತಗಳೂ ನೆಲ-ಕಡಲುಗಳ ಉಷ್ಣತೆಯ ವ್ಯತ್ಯಾಸವೂ ಗಾಳಿಯನ್ನು ಬಾಗಿಸಿ, ಸಾವಿರಾರು ಕಿಲೋಮೀಟರ್ ಉದ್ದದ ಅಲೆಗಳನ್ನು ಎಬ್ಬಿಸುತ್ತವೆ. ಇವೇ ಗ್ರಹೀಯ ಅಲೆಗಳು. ಮೇಲೇರಿದಂತೆ ಗಾಳಿ ವಿರಳವಾಗುವುದರಿಂದ ಅಲೆಗಳು ದೊಡ್ಡದಾಗಿ, ಕೊನೆಗೆ ದಡದ ಅಲೆಯಂತೆ ಮುರಿಯುತ್ತವೆ. ಆಗ ಸುತ್ತುವ ಗಾಳಿಯ ವೇಗ ಕುಗ್ಗುತ್ತದೆ. ಕೆಲವೊಮ್ಮೆ ದಿಕ್ಕೇ ತಿರುಗುತ್ತದೆ. ವೇಗ ಕಳೆದುಕೊಂಡ ಗಾಳಿ ಧ್ರುವದತ್ತ ಸರಿದು ಕೆಳಕ್ಕಿಳಿಯುತ್ತದೆ. ಇಳಿದಂತೆ ಒತ್ತಡ ಹೆಚ್ಚಿ, ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಅಲೆಗಳ ಈ ಪಾತ್ರವನ್ನು ಜಪಾನಿನ ತಾರೋ ಮಾತ್ಸುನೊ 1971ರಲ್ಲಿ ವಿವರಿಸಿದರು. ದಕ್ಷಿಣಾರ್ಧಗೋಳದಲ್ಲಿ ಅಲೆಗಳು ದುರ್ಬಲ. ಅಲ್ಲಿ ಇಂಥ ಘಟನೆ ಅಪರೂಪ. 2002ರ ಸೆಪ್ಟೆಂಬರಿನಲ್ಲಿ ನಡೆದಾಗ ಓಝೋನ್ ರಂಧ್ರವೇ ಎರಡಾಗಿ ಸೀಳಿತ್ತು.

ಮರುದಿನ ಸೈಕಲ್ ಪಂಪು ಒಯ್ದೆ. “ನಿನ್ನೆ ನಾನು ಕೊಟ್ಟ ಉತ್ತರ ಸರಿಯಿರಲಿಲ್ಲ” ಎಂದೇ ಪಾಠ ಶುರುಮಾಡಿದೆ. ಕೊಳವೆಯ ಬಾಯಿ ಮುಚ್ಚಿ ಒತ್ತಿದಾಗ ಪಂಪಿನ ಕೆಳಭಾಗ ಬೆಚ್ಚಗಾಯಿತು. “ಉಜ್ಜಿದ್ದಕ್ಕೆ ಬಿಸಿಯಾಯ್ತು” ಎಂದರು ಮಕ್ಕಳು. ಪಂಪು ಆರಿದ ಮೇಲೆ ಬಾಯಿ ತೆರೆದಿಟ್ಟು ಅಷ್ಟೇ ಸಲ ಒತ್ತಿಸಿದೆ, ಅಷ್ಟು ಬಿಸಿಯಾಗಲಿಲ್ಲ. ಎರಡನೆಯ ಪ್ರಯೋಗವಿಲ್ಲದಿದ್ದರೆ ಘರ್ಷಣೆಯೇ ಕಾರಣವೆಂದು ಅವರು ನಂಬಿಬಿಡುತ್ತಿದ್ದರು.

ಹೋಲಿಕೆಯ ಮಿತಿಯನ್ನೂ ಹೇಳಬೇಕು: ಪಂಪಿನಲ್ಲಿ ಗಾಳಿಯನ್ನು ಒತ್ತುವುದು ನಮ್ಮ ಕೈ, ಅಲ್ಲಿ ಇಳಿಯುವ ಗಾಳಿಯನ್ನು ಒತ್ತುವುದು ಸುತ್ತಲಿನ ಗಾಳಿಯೇ.

ಕೊನೆಗೆ ಅದೇ ಹುಡುಗಿ ಕೇಳಿದಳು: “ಹಾಗಾದ್ರೆ ಅದಕ್ಕೆ ಸಮೋಷ್ಣ ಅಂತ ಯಾಕೆ ಹೆಸರು ಮಿಸ್?” ಈ ಸಲ ನಾನು ಅವಸರಪಡಲಿಲ್ಲ. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಮುಂದಿನ ಪಾಠಯೋಜನೆಗೆ ಸೇರಿಸಿಕೊಂಡೆ.